ಅಡ್ಡ ಉಳುಮೆ

ಆಸ್ಪತ್ರೆಯ ಬೆಡ್‌ಶೀಟುಗಳು ಮೂರು ಸಲ ಒಗೆದರೂ ಮಾಸಲಾಗಿಯೇ ಹೊರಬಂದ ದಿನ ಅತ್ತಿಗೆ ಬಾಯ್ಲರಿನ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತುಬಿಟ್ಟಳು. ಸೋಡಾ ಹಾಕಿದ್ದಾಯ್ತು, ಕುದಿಸಿದ್ದಾಯ್ತು, ಮತ್ತೆ ಮತ್ತೆ ಜಾಲಿಸಿದ್ದಾಯ್ತು. ಜಾಲಿಸುವ ನೀರೇ ಟೀ ಬಣ್ಣಕ್ಕಿದ್ದರೆ ಬಟ್ಟೆ ಬೆಳ್ಳಗೆ ಎಲ್ಲಿಂದ ಆದೀತು?

"ಅತ್ತಿಗೇ, ಇವನ್ನ ಇಸ್ತ್ರಿ ಮಾಡ್ಲೋ ಬೇಡ್ವೋ?" ಒಳಗಿನಿಂದ ನಾದಿನಿ ಕೂಗಿದಳು. "ಮಾಡಿದ್ರೆ ಕೊಳೆ ಇನ್ನೂ ನೀಟಾಗಿ ಕಾಣ್ಸುತ್ತೆ, ಅಷ್ಟೆ."

ಅವಳು ನಿಜವಾಗಿ ಅತ್ತಿಗೆಯಾಗಿದ್ದದ್ದು ಈ ಒಬ್ಬಳಿಗೆ, ಗಂಡನ ತಂಗಿಗೆ. ಆದರೆ ಇಸ್ತ್ರಿ ಮೇಜಿನ ಹಿಂದಿನಿಂದ ದಿನಕ್ಕೆ ನೂರು ಸಲ ಬರುತ್ತಿದ್ದ ಆ ಕೂಗನ್ನು ಕೇಳಿ ಕೇಳಿ ಲಾಂಡ್ರಿಯ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಈಗ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಡಾಕ್ಟರ ಬಾಯಲ್ಲೂ ಅವಳು ಅತ್ತಿಗೆಯೇ. ಗಂಡ ವ್ಯಾನಿನಲ್ಲಿ ಬಟ್ಟೆ ತಂದು ಇಳಿಸುತ್ತಿದ್ದ, ಒಗೆದದ್ದನ್ನು ಒಯ್ದು ಕೊಡುತ್ತಿದ್ದ. ಮಾತಾಡುವ ಕೆಲಸವನ್ನು ತಂಗಿಗೆ ಬಿಟ್ಟುಕೊಟ್ಟಿದ್ದ.

ಲಾಂಡ್ರಿ ಹೊಳೆಯ ದಂಡೆಯಲ್ಲೇ ಇತ್ತು, ಮಾವನವರ ಕಾಲದಿಂದಲೂ. ಆಗ ಎಂಥ ಮಳೆ ಬಂದರೂ ಮರುದಿನ ಸಂಜೆಯೊಳಗೆ ನೀರು ತಿಳಿಯಾಗುತ್ತಿತ್ತಂತೆ. ಈಗ ಒಂದು ಜೋರು ಮಳೆ ಬಿದ್ದರೆ ನಾಲ್ಕು ದಿನ ಕೆಂಪು ನೀರು. ಆ ನಾಲ್ಕು ದಿನ ಆಸ್ಪತ್ರೆಯವರು ಕಾಯುವುದಿಲ್ಲ, ರೋಗಿಗಳು ಹಾಸಿಗೆ ಕೊಳೆ ಮಾಡುವುದನ್ನು ನಿಲ್ಲಿಸುವುದೂ ಇಲ್ಲ.

ಹೊಳೆಯ ಮೇಲ್ಗಡೆಯವರು ಏನೋ ಮಾಡುತ್ತಿದ್ದಾರೆ, ಹೋಗಿ ನಾಲ್ಕು ಮಾತು ಬಿಸಿಬಿಸಿ ಆಡಿಯೇ ಬರುತ್ತೇನೆ ಎಂದು ಗಟ್ಟಿಯಾಗಿ ಹೇಳುತ್ತಲೇ ಅತ್ತಿಗೆ ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಬಾಗಿಲಲ್ಲಿ ಮೀನಜ್ಜ ಬಂದು ನಿಂತ. ಹೊಳೆಯ ಕೆಳಗಡೆ ಮೂರು ಕೊಳ ಮಾಡಿಕೊಂಡು ಮೀನು ಸಾಕುತ್ತಿದ್ದ ಮುದುಕ. ಕೈಯಲ್ಲೊಂದು ಬಕೆಟ್ಟು. ಬಕೆಟ್ಟಿನ ತುಂಬ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಗೇಣುದ್ದದ ಮೀನುಗಳು.

"ಮೇಲಿನವರನ್ನ ಬೈಯೋಕೆ ಹೊರಟಿದ್ದೀಯಂತೆ," ಅಂದ ಮೀನಜ್ಜ. "ಹೋಗು ತಾಯಿ, ಬೇಡ ಅನ್ನಲ್ಲ. ಹೋಗೋ ಮುಂಚೆ ಕೆಳಗಿನವನ ಬೈಗುಳ ಸ್ವಲ್ಪ ಕೇಳ್ಕೊಂಡು ಹೋಗು."

ಬಕೆಟ್ಟನ್ನು ಅವಳ ಕಾಲ ಬುಡದಲ್ಲಿಟ್ಟು ಹಿತ್ತಿಲ ಕಡೆ ಬೆರಳು ತೋರಿಸಿದ. ಲಾಂಡ್ರಿಯ ಮೋರಿಯಿಂದ ಸೋಡಾ ನೀರು ಬಿಳಿ ನೊರೆ ಕಾರುತ್ತ ಹೊಳೆಗೆ ಬೀಳುತ್ತಿತ್ತು. ಇಷ್ಟು ವರ್ಷ ಅದು ಅಲ್ಲಿ ಬೀಳುತ್ತಲೇ ಇತ್ತು. ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅತ್ತಿಗೆ ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ. ಅವಳು ಚಪ್ಪಲಿ ಬಿಚ್ಚಿದಳು.

ಹೊಳೆ ಸಮಿತಿ ಶುರುವಾದದ್ದು ಹೀಗೆ. ಅದನ್ನು ಶುರು ಮಾಡುವ ಉದ್ದೇಶ ಅವಳಿಗಾಗಲಿ ಮೀನಜ್ಜನಿಗಾಗಲಿ ಇರಲಿಲ್ಲ.

ಮೊದಲು ಅತ್ತಿಗೆ ತನ್ನ ಅಂಗಳ ಅಗೆದಳು. ಬಟ್ಟೆ ಒಣಹಾಕುವ ಜಾಗದಲ್ಲಿ ಅರ್ಧಕ್ಕರ್ಧ ಹೋಯಿತು. ಸಾಲಾಗಿ ಮೂರು ಹೊಂಡ. ಮೊದಲನೆಯದರಲ್ಲಿ ನೊರೆ ಇಳಿಯಬೇಕು, ಎರಡನೆಯದರಲ್ಲಿ ಮರಳು ಜಲ್ಲಿಯ ನಡುವೆ ನೀರು ಸೋಸಿಕೊಳ್ಳಬೇಕು, ಮೂರನೆಯದರಲ್ಲಿ ಜೊಂಡು ಬೆಳೆಸಬೇಕು. ಗಂಡ ಹಗ್ಗ ಹಿಡಿದು ಗೆರೆ ಹಾಕಿಕೊಟ್ಟು, ಗುದ್ದಲಿ ತಂದು, ಒಂದೂ ಮಾತಾಡದೆ ಅಗೆದ. ಜಾಗ ಸಾಲದೆ ಒದ್ದೆ ಬೆಡ್‌ಶೀಟುಗಳನ್ನು ತಾರಸಿಗೆ ಹೊರಬೇಕಾಯಿತು. ಮೂವತ್ತೆರಡು ಮೆಟ್ಟಿಲು. ಅತ್ತಿಗೆಯ ಮೊಣಕಾಲು ಹಿಡಿದುಕೊಂಡದ್ದು ಆ ವರ್ಷವೇ.

ವಾರದ ರಜೆ ಗುರುವಾರ. ಆ ದಿನ ಇಸ್ತ್ರಿ ಕೋಣೆಯಲ್ಲಿ ಸಮಿತಿ ಕೂರುತ್ತಿತ್ತು. ಮೊದಮೊದಲು ಐದಾರು ಜನ, ಆಮೇಲೆ ಹದಿನೈದು, ಇಪ್ಪತ್ತು. ಒಮ್ಮೆ ಒಬ್ಬ ಆಫೀಸರೂ ಬಂದಿದ್ದ. ಅವನು ಎಂಟು ಸಲ "ಜಲಾನಯನ" ಅಂದ ಮೇಲೆ ಮೀನಜ್ಜ ಎದ್ದು ನಿಂತು, "ಸಾರ್, ಆ ನಯನ ಯಾರ ಮಗಳು?" ಎಂದು ಕೇಳಿದ. ಆಫೀಸರು ನಕ್ಕು ಅಂಗೈಯನ್ನು ಬೊಗಸೆ ಮಾಡಿ ತೋರಿಸಿದ. ಈ ಕೈಯಲ್ಲಿ ಎಲ್ಲೇ ಹನಿ ಬಿದ್ದರೂ ಕೊನೆಗೆ ಮಣಿಕಟ್ಟಿನ ಹತ್ತಿರ ಬಂದು ಇಳಿಯುತ್ತಲ್ಲ, ಅಷ್ಟೂ ಕೈ ಒಂದೇ ಜಲಾನಯನ. ಬೆರಳ ತುದಿಯಲ್ಲಿ ಮಣ್ಣಿದ್ದರೆ ಮಣಿಕಟ್ಟೂ ಕೆಸರಾಗುತ್ತೆ. ಆಫೀಸರು ಮತ್ತೆ ಬರಲಿಲ್ಲ, ಆದರೆ ಆ ಕೈ ಎಲ್ಲರಿಗೂ ನೆನಪಿನಲ್ಲುಳಿಯಿತು.

"ವಾರಕ್ಕೆ ಸಿಗೋದೇ ಒಂದು ರಜ," ಎಂದು ನಾದಿನಿ ಟೀ ಲೋಟ ತೊಳೆಯುತ್ತ ಗೊಣಗುತ್ತಿದ್ದಳು. "ಅದನ್ನೂ ಈ ಹೊಳೆ ಕಟ್ಕೊಂಡು ಕಳೀತೀರಿ. ಅಣ್ಣನ್ನ ಮದುವೆ ಆಗೋ ಬದಲು ಇದನ್ನೇ ಆಗ್ಬಹುದಿತ್ತು ನೀವು."

"ಇದು ನಿಮ್ಮಣ್ಣನಿಗಿಂತ ಜಾಸ್ತಿ ಮಾತಾಡುತ್ತೆ ಕಣೇ," ಅಂದಳು ಅತ್ತಿಗೆ.

ಕೆಂಪು ನೀರು ಬರುವುದೆಲ್ಲಿಂದ ಎಂದು ಹುಡುಕಲು ಅತ್ತಿಗೆ, ಮೀನಜ್ಜ ಇಬ್ಬರೇ ಒಂದು ಮಳೆಯ ಮರುದಿನ ಹೊಳೆಗುಂಟ ಮೇಲಕ್ಕೆ ನಡೆದರು. ಎಲ್ಲೆಲ್ಲಿ ಎರಡು ಹಳ್ಳ ಕೂಡುತ್ತವೋ ಅಲ್ಲಲ್ಲಿ ನಿಂತು ಎರಡರ ನೀರನ್ನೂ ಗಾಜಿನ ಲೋಟದಲ್ಲಿ ಹಿಡಿದು ನೋಡುವುದು, ಯಾವುದು ಹೆಚ್ಚು ಕೆಂಪೋ ಆ ಹಳ್ಳ ಹಿಡಿದು ಹೋಗುವುದು. ಐದು ಕೂಡುಗಳನ್ನು ದಾಟಿ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಇಳಿಜಾರಿನ ಬುಡಕ್ಕೆ ಬಂದು ಮುಟ್ಟಿದರು. ಅಲ್ಲಿ ಆಲೂಗಡ್ಡೆ ಹೊಲಗಳು. ಉಳುಮೆಯ ಗೆರೆಗಳೆಲ್ಲ ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ನೇರ ಕೆಳಕ್ಕೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಒಂದೊಂದು ಗೆರೆಯೂ ಒಂದೊಂದು ಪುಟ್ಟ ಕಾಲುವೆಯಾಗಿ ಮಣ್ಣನ್ನು ಹೊತ್ತು ತರುತ್ತಿತ್ತು.

ನಲವತ್ತು ಮನೆಯವರ ಹೊಲ. ಆದರೆ ಉಳುವವನು ಒಬ್ಬನೇ. ಇಡೀ ಇಳಿಜಾರಿಗೆ ಇದ್ದದ್ದು ಒಂದು ಟ್ರ್ಯಾಕ್ಟರು. ಅದರ ಯಜಮಾನನನ್ನು ಎಲ್ಲರೂ ಟ್ರ್ಯಾಕ್ಟರಣ್ಣ ಅನ್ನುತ್ತಿದ್ದರು. ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಮನೆಯಂಗಳದಲ್ಲಿ ಎಂಜಿನ್ನಿನ ಆಯಿಲ್ ಬದಲಾಯಿಸುತ್ತಿದ್ದವನು ಇವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಕೈ ಒರೆಸಿಕೊಂಡ.

"ಅಡ್ಡಡ್ಡ ಉಳಬೇಕು ಅಂತೀರಿ. ನನಗೂ ಗೊತ್ತು ಅತ್ತಿಗೆ. ಉದ್ದಕ್ಕೆ ಉತ್ರೆ ಮಣ್ಣು ಹೋಗುತ್ತೆ. ಅಡ್ಡಕ್ಕೆ ಉತ್ರೆ ಟ್ರ್ಯಾಕ್ಟರ್ ವಾಲುತ್ತೆ, ನಾನು ಹೋಗ್ತೀನಿ. ನಿಮಗೆ ಯಾವುದು ಬೇಕು ಹೇಳಿ."

ಆ ದಿನ ಅತ್ತಿಗೆ ಹಾಗೇ ಗುಡ್ಡ ಇಳಿದು ಬಂದಳು. ಆದರೂ ಇನ್ನೆರಡು ಸಲ ಗುಡ್ಡ ಹತ್ತಿ ಹೋದಳು. ಮೂರನೆಯ ಸಲ ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಬಂದ್ರಾ? ಬನ್ನಿ, ನೀರಾದ್ರೂ ಕುಡೀರಿ," ಅಂದಳು. ದನಿಯಲ್ಲಿ ನೀರು ಕೊಡುವ ಉತ್ಸಾಹ ಇರಲಿಲ್ಲ.

ಒಂದು ದಿನ ಟ್ರ್ಯಾಕ್ಟರಣ್ಣ ಯಾವುದೋ ಬಿಡಿಭಾಗ ಕೊಳ್ಳಲು ಪೇಟೆಗಿಳಿದವನು ಲಾಂಡ್ರಿಗೂ ಬಂದ. ಹಿತ್ತಿಲಿಗೆ ಹೋಗಿ ಹೊಂಡಗಳನ್ನು ಬಗ್ಗಿ ನೋಡಿದ. ಮೂರನೇ ಹೊಂಡದ ನೀರಲ್ಲಿ ಬೆರಳದ್ದಿ ಮೂಸಿದ. ಅತ್ತಿಗೆ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತುವುದನ್ನೂ ನೋಡಿದ.

"ಈ ಸಲ ಅಡ್ಡ ಉತ್ತು ನೋಡ್ತೀನಿ," ಅಂದ. "ಆದ್ರೆ ತೀರಾ ಕಡಿದಾದ ಕಡೆ ಮಣ್ಣು ತಡೆಯೋಕೆ ಕೈಯಲ್ಲೇ ಕಂದಕ ತೋಡ್ಬೇಕು. ಅದಕ್ಕೆ ನಿಮ್ಮ ಪೇಟೆಯವರು ಬರ್ಬೇಕು. ಹೊಳೆ ನೀರು ಕುಡಿಯೋರು ಅವರು."

ಅರವತ್ತು ಜನ ಹೆಸರು ಬರೆಸಿದರು. ಬಂದದ್ದು ಹನ್ನೊಂದು ಮಂದಿ. ದರ್ಜಿಗೆ ಆ ದಿನವೇ ನೆಂಟರು ಬಂದರು. ಬೇಕರಿಯವನಿಗೆ ಬೆನ್ನು ಹಿಡಿದುಕೊಂಡಿತು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಭಾಷಣ ಮಾಡಿದ್ದ ಡ್ರಾಯಿಂಗ್ ಮೇಷ್ಟ್ರು ಗುದ್ದಲಿ ಮಾತ್ರ ಕಳಿಸಿಕೊಟ್ಟರು. ಮುಂದಿನ ತಿಂಗಳು ಒಂಬತ್ತು ಜನ, ಅದರ ಮುಂದಿನ ತಿಂಗಳು ಹದಿಮೂರು. ಬಾರದವರ ಮನೆ ಮನೆಗೆ ಹೋಗಿ ಕರೆಯುವುದು ಅತ್ತಿಗೆಯ ಪಾಲಿಗೆ ಬಂತು. ಮಣ್ಣು ಅಗೆಯುವುದಕ್ಕಿಂತ ಅದೇ ಅವಳನ್ನು ಹೆಚ್ಚು ಸವೆಸಿತು. ಯಾರೂ ಬರುವುದಿಲ್ಲ ಎನ್ನುತ್ತಿರಲಿಲ್ಲ. ಎಲ್ಲರೂ ನಗುನಗುತ್ತ ಒಳಗೆ ಕರೆದು ಕೂರಿಸುತ್ತಿದ್ದರು. ಮೂರು ವರ್ಷ ಅವಳು ಹೀಗೆ ಬಾಗಿಲಿಂದ ಬಾಗಿಲಿಗೆ ತಿರುಗಿದಳು. ನಾಲ್ಕು ದಿನದ ಕೆಂಪು ನೀರು ಮೂರು ದಿನಕ್ಕಿಳಿಯಿತು. ಪೇಟೆಯಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಬೆಡ್‌ಶೀಟು ಒಗೆಯುವವರಿಗೆ.

ನಾಲ್ಕನೇ ವರ್ಷ, ಮಳೆ ಹಿಡಿಯಲು ಇನ್ನೂ ಹದಿನೈದು ದಿನ ಇರುವಾಗ, ಗುಡ್ಡದ ನೆತ್ತಿಯ ಹೊಲವೊಂದನ್ನು ಅಡ್ಡಡ್ಡ ಉಳುತ್ತಿದ್ದ ಟ್ರ್ಯಾಕ್ಟರು ಮಗುಚಿ ಬಿತ್ತು. ಸುದ್ದಿ ಬಂದಾಗ ಅತ್ತಿಗೆ, ನಾದಿನಿ ಇಬ್ಬರೂ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತಿದ್ದರು. ಅತ್ತಿಗೆಯ ಕೈಯಿಂದ ತುದಿ ಜಾರಿ ನೆಲಕ್ಕೆ ಬಿತ್ತು. ನಾದಿನಿ ಅದನ್ನು ತನ್ನ ಕಡೆಗೆ ಎಳೆದುಕೊಂಡು ಒಬ್ಬಳೇ ಮಡಚಿದಳು.

ಬಟ್ಟೆ ಎಣಿಸಿಕೊಳ್ಳಲು ಅತ್ತಿಗೆಯೂ ಗಂಡನ ವ್ಯಾನಿನಲ್ಲಿ ದಿನವೂ ಆಸ್ಪತ್ರೆಗೆ ಹೋಗುತ್ತಿದ್ದಳು, ಆದರೆ ಹಿಂಬಾಗಿಲಿಂದ, ಬಟ್ಟೆಯ ಗಂಟಿನ ಜೊತೆ. ಆ ದಿನ ಮುಂಬಾಗಿಲಿಂದ ಹೋದಳು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಟ್ರ್ಯಾಕ್ಟರಣ್ಣನ ಹೆಂಡತಿ ಒಬ್ಬಳೇ ಕೂತಿದ್ದಳು. ತೊಡೆಯ ಮೂಳೆ ಎರಡು ಕಡೆ ಮುರಿದಿದೆ, ಸೊಂಟಕ್ಕೂ ಪೆಟ್ಟಾಗಿದೆ, ಜೀವಕ್ಕೇನೂ ಭಯವಿಲ್ಲ ಎಂದು ನರ್ಸು ಹೇಳಿದಳು. ಅತ್ತಿಗೆ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಅವರು ಮೊದಲೇ ಹೇಳಿದ್ರು, ವಾಲುತ್ತೆ ಅಂತ," ಅಂದಳು ಆಕೆ.

"ಹೇಳಿದ್ರು."

"ಆದ್ರೂ ಮೂರು ಸಲ ಬಂದ್ರಿ ನೀವು."

"ಬಂದೆ."

"ನಿಮ್ಮ ಬಟ್ಟೆ ಬೆಳ್ಳಗಾಗೋಕೆ ನನ್ನ ಗಂಡನ ಕಾಲೇ ಬೇಕಾಗಿತ್ತಾ ಅಕ್ಕ?" ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ. "ಎದ್ದು ಹೋಗಿ. ಈಗ ನಿಮ್ಮ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಅತ್ತಿಗೆ ಎದ್ದು ಹೋದಳು.

ಆ ಗುರುವಾರ ಸಮಿತಿ ಕೂರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಅತ್ತಿಗೆ ಬೆಳಿಗ್ಗೆ ಏಳುವುದು, ಒಗೆಯುವುದು, ಹೊರುವುದು, ಮಡಚುವುದು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ಸಾಕಾಗುತ್ತಿತ್ತು. "ನೀವೇನು ಟ್ರ್ಯಾಕ್ಟರ್ ತಳ್ಳಿ ಬೀಳಿಸಿದ್ರಾ?" ಎಂದು ನಾದಿನಿ ಒಂದು ದಿನ ರೇಗಿದಳು. ಅತ್ತಿಗೆ, "ತಳ್ಳಿದ ಹಾಗೇ ಅಲ್ವೇನೇ?" ಅಂದಳು. ನಾದಿನಿ ಮಾಡಿದ್ದಿಷ್ಟೆ: ಅಂದಿನಿಂದ ತಾರಸಿಗೆ ಬಟ್ಟೆ ಹೊರುವ ಕೆಲಸ ತಾನು ತೆಗೆದುಕೊಂಡಳು, ಹೊರುವಾಗೆಲ್ಲ ಇಡೀ ಬೀದಿಗೆ ಕೇಳುವಂತೆ ಉಸ್ಸೆನ್ನುತ್ತ.

ಗುಡ್ಡದವರು ಬೇರೆ ಕಡೆಯಿಂದ ಟ್ರ್ಯಾಕ್ಟರು ತರಿಸಿ ಉಳಿದ ಹೊಲಗಳನ್ನೆಲ್ಲ ಉದ್ದುದ್ದಕ್ಕೆ ಉಳುಮೆ ಮಾಡಿಸಿದರು. ಮೊದಲ ಮಳೆಗೆ ಐದು ದಿನ ಕೆಂಪು ನೀರು ಹರಿಯಿತು. ನಾಲ್ಕು ವರ್ಷದ ಕೆಲಸ ಮೋರಿಗೆ ಹೋಯಿತು ಎಂದು ಮೀನಜ್ಜ ಹೇಳಿದ. ಬಂದು, ಬಾಗಿಲಲ್ಲೇ ನಿಂತು, ಅಷ್ಟು ಹೇಳಿ ವಾಪಸು ಹೋದ.

ಅದೇ ವಾರ ವಾರ್ಡಿನ ನರ್ಸು, ಬಟ್ಟೆಯ ಗಂಟು ಎಣಿಸಿ ಕೊಡುತ್ತ, "ಏಳನೇ ಬೆಡ್ಡಿನವರು ನಿಮ್ಮನ್ನ ನೋಡ್ಬೇಕಂತೆ," ಅಂದಳು.

ಟ್ರ್ಯಾಕ್ಟರಣ್ಣನ ಕಾಲಿಗೆ ಸೊಂಟದವರೆಗೂ ಪ್ಲಾಸ್ಟರು. ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದವಳು ಅತ್ತಿಗೆಯನ್ನು ಕಂಡು ಹೊರಗೆ ನೋಡತೊಡಗಿದಳು. ಹೋಗಿ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

"ಸಮಿತಿ ನಿಲ್ಸಿದ್ರಂತೆ," ಅಂದ ಟ್ರ್ಯಾಕ್ಟರಣ್ಣ.

"ನನ್ನಿಂದ ಇನ್ನಾಗಲ್ಲ ಅಣ್ಣ. ನಿಮಗೆ ಹೀಗಾದ ಮೇಲೆ ಯಾವ ಬಾಯಲ್ಲಿ ಇನ್ನೊಬ್ಬರನ್ನ ಕೇಳ್ಲಿ?"

"ನೀವು ಕೇಳಿದ್ದು ಸರಿ ಇತ್ತು, ನಾನು ಒಪ್ಪಿದ್ದು ಅರ್ಧ ತಪ್ಪು. ಮಲಗಿ ಮಲಗಿ ಇದೇ ಯೋಚ್ನೆ ನನಗೆ." ಅವನು ಮೀಸೆ ಕೆರೆದುಕೊಂಡ. "ಮೂವತ್ತಾರು ಹೊಲ ಧಾರಾಳವಾಗಿ ಅಡ್ಡ ಉಳಬಹುದು. ನೆತ್ತಿ ಮೇಲಿನ ನಾಲ್ಕಿವೆಯಲ್ಲ, ಅವನ್ನ ಅಡ್ಡಾನೂ ಉಳಬಾರ್ದು, ಉದ್ದಾನೂ ಉಳಬಾರ್ದು. ಅವು ಉಳೋ ನೆಲವೇ ಅಲ್ಲ, ಹುಲ್ಲಿನ ನೆಲ. ಇಪ್ಪತ್ತು ವರ್ಷದಿಂದ ಸೀಟಿನ ಮೇಲೆ ಕೂತೋನಿಗೆ ಅದು ಗೊತ್ತಿರಲ್ವಾ? ಹೊಲದವರಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ಅವರು ಎಲ್ಲಿಗೆ ಹೋಗ್ಬೇಕು?"

"ಅದೇ ಪ್ರಶ್ನೆ ಈಗಲೂ ಇದೆಯಲ್ಲ."

"ಇದೆ. ಕರೀರಿ ಎಲ್ಲರನ್ನೂ, ಇಲ್ಲೇ ಕೇಳೋಣ. ನಾನಂತೂ ಎದ್ದು ಬರೋ ಹಾಗಿಲ್ಲ."

ಅತ್ತಿಗೆಗೆ ಬೇಡ ಅನ್ನಬೇಕೆಂದಿತ್ತು. ಆದರೆ ಕಾಲು ಮುರಿದುಕೊಂಡವನೇ ಕೇಳುತ್ತಿರುವಾಗ ಮೊಣಕಾಲು ನೋವಿನವಳು ಬೇಡ ಅನ್ನುವುದು ಹೇಗೆ?

ನರ್ಸು ಅರ್ಧ ಗಂಟೆ ಕೊಟ್ಟಳು, ಗಲಾಟೆ ಮಾಡಬಾರದು ಎಂಬ ಷರತ್ತಿನ ಮೇಲೆ. ನಾಲ್ಕು ಹೊಲದವರೂ ಬಂದರು, ಮೀನಜ್ಜ ಬಂದ, ಹೊಸದಾಗಿ ಕುತೂಹಲ ಹುಟ್ಟಿ ನಾದಿನಿಯೂ ಬಂದಳು. ಟ್ರ್ಯಾಕ್ಟರಣ್ಣ ಹೇಳಬೇಕಾದ್ದನ್ನು ನಿಧಾನವಾಗಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಹುಲ್ಲು ಬೆಳೆಸಿ ಹುಲ್ಲನ್ನೇ ತಿನ್ನಬೇಕಾ? ಪೇಟೆಯವರ ನೀರಿಗೆ ನಮ್ಮ ಹೊಟ್ಟೆ ಯಾಕೆ ಕಟ್ಟಬೇಕು? ಒಬ್ಬ ಹೆಂಗಸಂತೂ, "ನಮ್ಮಪ್ಪ ಕಲ್ಲು ಹೆಕ್ಕಿ ಹೆಕ್ಕಿ ಮಾಡಿದ ಹೊಲ ಅದು," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಪಕ್ಕದ ಬೆಡ್ಡಿನ ರೋಗಿ ಎದ್ದು ಕೂತು ಆಸಕ್ತಿಯಿಂದ ಕೇಳತೊಡಗಿದ. ಅತ್ತಿಗೆಗೆ ಈ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.

"ನನ್ನ ಮೂರನೇ ಕೊಳ ಇದೆ," ಅಂದ ಮೀನಜ್ಜ.

ಯಾರಿಗೂ ಕೇಳಿಸಲಿಲ್ಲ. ಅವನು ಕೆಮ್ಮಿ ಮತ್ತೆ ಹೇಳಿದ. "ಮೂರನೇ ಕೊಳ. ಹೂಳು ತುಂಬಿ ನಾಲ್ಕು ವರ್ಷ ಆಯ್ತು. ಮೀನು ಬಿಡೋಕಾಗಲ್ಲ, ಹೂಳು ತೆಗೆಯೋ ಶಕ್ತಿ ನನಗಿಲ್ಲ. ಮಟ್ಟಸವಾದ ನೆಲ, ಆಳಕ್ಕೆ ಒಳ್ಳೆ ಮಣ್ಣು. ನಿಮ್ಮ ಹೊಲದ್ದೇ ಮಣ್ಣು ಅದು, ವರ್ಷಾ ವರ್ಷಾ ನೀವೇ ಕಳಿಸಿಕೊಟ್ಟಿದ್ದು. ಬಂದು ಉತ್ಕೊಳ್ಳಿ. ನಾನು ಸತ್ತ ಮೇಲೂ ಉತ್ಕೊಳ್ಳಿ, ಬೇಕಾದ್ರೆ ಬರೆದು ಕೊಡ್ತೀನಿ. ಆದ್ರೆ ಉಳಿದೆರಡು ಕೊಳಾನಾದ್ರೂ ನನಗೆ ಬಿಡಿ."

ವಾರ್ಡಿನಲ್ಲಿ ಗಲಾಟೆ ನಿಂತಿತು. ಅತ್ತಿಗೆ ಕಣ್ಣು ತೆರೆದಳು. ಮೀನಜ್ಜನ ಮುಖದಲ್ಲಿ ದೊಡ್ಡಸ್ತಿಕೆಯೇನೂ ಕಾಣಲಿಲ್ಲ. ಸಾಕಾಗಿ ಹೋದ ಮನುಷ್ಯನ ಮುಖ, ತನ್ನ ಮುಖದ ಹಾಗೇ.

ಆ ದಿನ ಇಬ್ಬರು ಒಪ್ಪಿದರು. ಮೂರನೆಯವನು ಎರಡು ತಿಂಗಳು ಕಾಯಿಸಿ, ಕೊಳದ ಮಣ್ಣನ್ನು ನಾಲ್ಕು ಸಲ ಹಿಡಿದು ನೋಡಿ ಒಪ್ಪಿದ. ಅಪ್ಪ ಕಲ್ಲು ಹೆಕ್ಕಿದ ಹೊಲದ ಹೆಂಗಸು ಒಪ್ಪಲೇ ಇಲ್ಲ. ಅತ್ತಿಗೆ ಒಂದು ಸಲ ಹೋಗಿ ಕೇಳಿದಳು. ಆಕೆ ಆಗುವುದಿಲ್ಲ ಅಂದಳು. ಎರಡನೇ ಸಲ ಅತ್ತಿಗೆ ಹೋಗಲಿಲ್ಲ. ಯಾರ ಬಾಗಿಲಿಗೂ ಇನ್ನು ಮೂರು ಸಲ ಹೋಗುವುದಿಲ್ಲ ಎಂದು ಅವಳು ಆಸ್ಪತ್ರೆಯ ಆ ಬೆಂಚಿನ ಮೇಲೇ ತೀರ್ಮಾನಿಸಿದ್ದಳು.

ಟ್ರ್ಯಾಕ್ಟರಣ್ಣ ಕೋಲು ಹಿಡಿದು ಮನೆಗೆ ಹೋದ. ಮತ್ತೆ ಟ್ರ್ಯಾಕ್ಟರು ಹತ್ತುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಎಲ್ಲರೂ ಇನ್ನು ಬಾಡಿಗೆ ಟ್ರ್ಯಾಕ್ಟರೇ ಗತಿ ಅಂದುಕೊಂಡಿದ್ದಾಗ ಅವನ ಹೆಂಡತಿ ಸೀಟು ಹತ್ತಿ ಕೂತಳು. ಅವನು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೋಲಿನಲ್ಲಿ ಗೆರೆ ತೋರಿಸಿದ. ಅವಳು ಒಂದು ಬೇಲಿ ಮುರಿದು, ಎರಡು ಸಲ ಅವನ ಕುರ್ಚಿಯ ಹತ್ತಿರಕ್ಕೇ ನುಗ್ಗಿ, ಅಂತೂ ಕಲಿತಳು. ಹೊಲದವರು ಯಾರೋ, "ಉದ್ದಕ್ಕೇ ಉತ್ತುಬಿಡಮ್ಮ, ಬೇಗ ಆಗುತ್ತೆ," ಅಂದರಂತೆ. "ನನಗೆ ಉದ್ದ ಉಳೋದು ಯಾರೂ ಕಲಿಸಿಲ್ಲ. ಅಡ್ಡ ಬೇಕಾದ್ರೆ ಹೇಳಿ, ಬೇಡಾಂದ್ರೆ ಎತ್ತು ಹುಡುಕ್ಕೊಳ್ಳಿ," ಅಂದಳಂತೆ.

ಮುಂದಿನ ಮಳೆಗಾಲ ಮೊದಲ ಜೋರು ಮಳೆಗೆ ಹೊಳೆ ಕೆಂಪಾಯಿತು. ಎರಡನೇ ದಿನ ಮಧ್ಯಾಹ್ನಕ್ಕೆ ನೀರು ಬೆಡ್‌ಶೀಟು ಜಾಲಿಸುವಷ್ಟು ತಿಳಿಯಾಯಿತು. ಅತ್ತಿಗೆ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಖುಷಿಯಾಗಬೇಕಿತ್ತು. ಒಂದು ದೊಡ್ಡ ಆಕಳಿಕೆ ಬಂತು.

ಆ ಗುರುವಾರ, ಮತ್ತೆ ಕೂರತೊಡಗಿದ್ದ ಸಮಿತಿಯಲ್ಲಿ ಅವಳು ಎದ್ದು ನಿಂತು, "ನನ್ನ ಕೈಲಿ ಇನ್ನಾಗಲ್ಲ. ಸಿಟ್ಟಿಲ್ಲ, ಬೇಜಾರಿಲ್ಲ. ಬರೀ ಸುಸ್ತು. ಬೇರೆ ಯಾರಾದ್ರೂ ನಡೆಸಿ," ಅಂದಳು. ಡ್ರಾಯಿಂಗ್ ಮೇಷ್ಟ್ರು ಅವಳ ಸೇವೆಯನ್ನು ಹೊಗಳಲು ಗಂಟಲು ಸರಿಮಾಡಿಕೊಂಡರು. ಅದಕ್ಕೂ ಮುಂಚೆ ಟ್ರ್ಯಾಕ್ಟರಣ್ಣ, "ನಾನು ಮನೇಲಿ ಕೂತೇ ಇರ್ತೀನಿ. ಅಲ್ಲಿಗೇ ಬನ್ನಿ ಎಲ್ಲರೂ. ಪೇಟೆಯವರೂ ಸ್ವಲ್ಪ ಗುಡ್ಡ ಹತ್ತಿ ನೋಡ್ಲಿ," ಅಂದ.

ಅಲ್ಲಿನ ಮೊದಲ ಸಭೆಗೆ ಮಾತ್ರ ಬರಲೇಬೇಕೆಂದು ಒತ್ತಾಯ ಮಾಡಿದ್ದಕ್ಕೆ ಅತ್ತಿಗೆ ಬಸ್ಸು ಹತ್ತಿ ಹೋದಳು. ಟ್ರ್ಯಾಕ್ಟರಣ್ಣನ ಅಂಗಳದಲ್ಲಿ ಹಿಂದಿನ ಸಾಲಿನ ಕುರ್ಚಿ ಹಿಡಿದಳು. ಯಾವ ಕಂದಕ ಯಾರು ಬಾಚಬೇಕು ಎಂಬ ಜಗಳ ಶುರುವಾಯಿತು. ಬೇಕರಿಯವನು ತನ್ನ ಬೆನ್ನಿನ ಕಥೆ ತೆಗೆದ. ಬಿಸಿಲು ಹಿತವಾಗಿತ್ತು. ಅವಳ ತಲೆ ಮೆಲ್ಲಗೆ ಎದೆಗೆ ವಾಲಿತು.

ಎಚ್ಚರವಾದಾಗ ಅಂಗಳ ಖಾಲಿ. ಟ್ರ್ಯಾಕ್ಟರಣ್ಣನ ಹೆಂಡತಿ ಲೋಟಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಯಾರೋ ಅತ್ತಿಗೆಯ ಕಾಲ ಮೇಲೊಂದು ಕಂಬಳಿ ಹೊದಿಸಿದ್ದರು.

"ಅಯ್ಯೋ, ಎಬ್ಬಿಸಬಾರ್ದಿತ್ತಾ? ಏನು ತೀರ್ಮಾನ ಆಯ್ತು?"

"ಏನೂ ಆಗ್ಲಿಲ್ಲ. ಕೆಲಸಾನ ಒಬ್ಬರ ಮೇಲೊಬ್ಬರು ಹಾಕಿ ಎದ್ದು ಹೋದ್ರು. ಮುಂದಿನ ವಾರ ಮತ್ತೆ ಸೇರ್ತಾರಂತೆ."

"ನಾನು ಬರಲ್ಲಮ್ಮ."

"ಬರಬೇಡಿ ಅಕ್ಕ." ಅವಳು ಕೈ ಒರೆಸಿಕೊಂಡು ಬಂದು ಕಂಬಳಿ ಮಡಚಿದಳು. "ಬಸ್ಸು ಹೊರಟುಹೋಯ್ತು. ಟ್ರ್ಯಾಕ್ಟರಲ್ಲಿ ಬಿಟ್ಟು ಬರ್ತೀನಿ, ಏಳಿ. ನನ್ನ ಮೇಲೆ ನಂಬಿಕೆ ಇದೆ ತಾನೇ?"

ಅತ್ತಿಗೆ ಮೊಣಕಾಲು ಹಿಡಿದುಕೊಂಡು ಎದ್ದಳು. ಮಡ್‌ಗಾರ್ಡಿನ ಮೇಲೆ ಹತ್ತಿಸಲು ಆಕೆ ಕೈ ಕೊಟ್ಟಳು. ಎಂಜಿನ್ ಗುಡುಗಿತು. ಗುಡ್ಡದ ದಾರಿಯ ತಿರುವುಗಳಲ್ಲಿ ಟ್ರ್ಯಾಕ್ಟರು ನಿಧಾನವಾಗಿ ಇಳಿಯುತ್ತಿದ್ದಾಗ ಅತ್ತಿಗೆ ಒಂದು ಕೈಯಲ್ಲಿ ಸೀಟಿನ ಕಂಬಿ, ಇನ್ನೊಂದರಲ್ಲಿ ಅವಳ ಭುಜ ಹಿಡಿದುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಇಬ್ಬರೂ ಹೊಳೆಯ ಮಾತು ಎತ್ತಲಿಲ್ಲ.